ಅತ್ತೆಯ ಬತ್ತಿ ಮತ್ತು ಎರಡು ಗಂಟೆಯ ಧಾರಾವಾಹಿ

ದೇವರ ಕೆಲಸ ಮಾಡುವಾಗ ಟಿ.ವಿ. ನೋಡಬಾರದು ಎಂದು ಯಾವ ಶಾಸ್ತ್ರದಲ್ಲೂ ಹೇಳಿಲ್ಲ. ಶಾಸ್ತ್ರ ಬರೆದವರ ಕಾಲದಲ್ಲಿ ಟಿ.ವಿ. ಇರಲಿಲ್ಲ ಅನ್ನುವುದನ್ನು ನಾನು ಹೆಚ್ಚಾಗಿ ಯೋಚಿಸಲು ಹೋಗಿಲ್ಲ. ಬತ್ತಿ ಹೊಸೆಯುವುದು ಕೈ, ಧಾರಾವಾಹಿ ನೋಡುವುದು ಕಣ್ಣು. ಎರಡನ್ನೂ ಕೊಟ್ಟವನು ಅವನೇ, ಎರಡೂ ಒಂದೇ ಹೊತ್ತಿನಲ್ಲಿ ದುಡಿದರೆ ಅವನಿಗೆ ಸಂತೋಷವೇ ಆಗಬೇಕು ಎಂದು ಸಮಾಧಾನ ಮಾಡಿಕೊಂಡಿದ್ದೆ. ಆದರೂ ಮನಸ್ಸು ಕುಟುಕುತ್ತಿತ್ತು. ಒಂದು ಬೆಳಿಗ್ಗೆ ದೇವರ ಮುಂದೆ ಕೂತು ತಪ್ಪೊಪ್ಪಿಕೊಂಡೆ. ಅವನು ಏನೂ ಅನ್ನಲಿಲ್ಲ. ಅಲ್ಲಿಂದ ಎದ್ದು ಹಾಲಿಗೆ ಬಂದು, ಗೋಡೆಯ ಮೇಲಿರುವ ಅತ್ತೆಯವರ ಫೋಟೋದ ಮುಂದೆಯೂ ಒಪ್ಪಿಕೊಂಡೆ. ಆಗ ಅವರ ಗಂಧದ ಹಾರದಿಂದ ಒಂದು ಚಕ್ಕೆ ಉದುರಿ ನನ್ನ ಕಾಲ ಹತ್ತಿರ ಬಿತ್ತು. ಫ್ಯಾನ್ ಹಾಕಿರಲಿಲ್ಲ.

ನಮ್ಮದು ಆರ್.ಟಿ. ನಗರದ ಒಳಗಿನ ರಸ್ತೆಯಲ್ಲಿ ಒಂದು ಹಳೇ ಮನೆ. ಪಕ್ಕದ ಬೀದಿಯ ದೇವಸ್ಥಾನದಲ್ಲಿ ಈ ಸಲ ಕಾರ್ತಿಕದ ಕೊನೆಯ ಸೋಮವಾರ ಲಕ್ಷಬತ್ತಿ ಹಚ್ಚುವುದೆಂದು ತೀರ್ಮಾನವಾಗಿ, ಹತ್ತು ಮನೆಗಳಿಗೆ ಹತ್ತತ್ತು ಸಾವಿರ ಹೂಬತ್ತಿ ಹಂಚಿಕೆಯಾಯಿತು. ಹೂಬತ್ತಿ ಗೊತ್ತಲ್ಲ, ಕೆಳಗೆ ದುಂಡಗೆ ಹೂವಿನಂತೆ ಕೂತು ಮೇಲೆ ಚೂಪಾಗಿ ಏಳುವುದು. ಹತ್ತು ಸಾವಿರ ಎಂದರೆ ಒಬ್ಬಳ ಕೈಲಿ ಆಗುವ ಮಾತಲ್ಲ. ಎದುರುಮನೆಯ ಶಮೀಮಾ ತಾನಾಗಿಯೇ ಬಂದಳು. ಮಧ್ಯಾಹ್ನ ಎರಡಕ್ಕೆ 'ಕೆಂಪು ಬೀಗ' ಧಾರಾವಾಹಿಯ ಮರುಪ್ರಸಾರ ಇರುತ್ತದೆ. ಆ ಹೊತ್ತಿನಲ್ಲಿ ಅವಳ ಮನೆಯ ಟಿ.ವಿ. ಅವಳ ಮಾವನ ಸುದ್ದಿ ಚಾನೆಲ್ಲಿಗೆ ಮೀಸಲು. "ಹೊಸೆಯೋದು ನಿಮ್ಮ ಕೆಲಸ, ಹತ್ತಿ ಬಿಡಿಸೋದು ನಂದು ಅಕ್ಕ. ಟಿ.ವಿ. ಮಾತ್ರ ಜೋರಾಗಿಡಿ," ಎಂದು ಚಾಪೆಯ ಮೇಲೆ ಕೂತಳು. ಇನ್ನೊಬ್ಬರು ನೀಲಮ್ಮ. ಗುಳೇದಗುಡ್ಡದ ಕಡೆಯವರು, ಗಂಡನಿಗೆ ಯಲಹಂಕದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಆರು ತಿಂಗಳ ಹಿಂದೆ ನಮ್ಮ ಹಿಂದಿನ ಬೀದಿಗೆ ಬಾಡಿಗೆಗೆ ಬಂದವರು. ದೇವಸ್ಥಾನದಲ್ಲಿ ಪರಿಚಯವಾಗಿ, ಕರೆದ ತಕ್ಷಣ ಬಂದರು. "ಮುಂಜಾನಿಂದ ಸಂಜೀತನಕ ಗ್ವಾಡಿ ಜೋಡಿನ ಮಾತಾಡೂದಾಗೇತ್ರಿ ಅಕ್ಕಾರ. ಈ ಊರಾಗ ನಾ ಬಾಯಿ ಬಿಚ್ಚಿ ಮಾತಾಡೂದು ನಿಮ್ಮ ಮನ್ಯಾಗ ಅಷ್ಟ," ಎಂದು ಮೊದಲ ದಿನವೇ ಹೇಳಿದ್ದರು. ಅದೇ ದಿನ ಇನ್ನೊಂದು ಮಾತನ್ನೂ ಹೇಳಿದ್ದರು: "ನಮ್ಮ ಕಡೆ ಬರೇ ಉದ್ದನ್ನ ಎಳಿಬತ್ತಿ ರೀ. ಈ ಹೂಬತ್ತಿ ನನಗ ಬರೂದಿಲ್ಲ, ತೋರ್ಸ್ರಿ." ನಾನು ಟಿ.ವಿ.ಯಿಂದ ಕಣ್ಣು ತೆಗೆಯದೆ, "ನನ್ನ ಕೈ ನೋಡ್ತಿರಿ, ತಾನಾಗೇ ಬರತ್ತೆ," ಎಂದಿದ್ದೆ. ಈ ಮಾತನ್ನು ನಾನು ಮರೆತೆ. ನೀವು ಮರೆಯಬೇಡಿ.

'ಕೆಂಪು ಬೀಗ'ದ ಕಥೆ ಇಷ್ಟು. ಒಂದು ಹಳೇ ಬಂಗಲೆ. ಅದರಲ್ಲೊಂದು ಕೆಂಪು ಬೀಗ ಹಾಕಿದ ಕೋಣೆ. ಅನಾಥೆ ಎಂದುಕೊಂಡು ಬೆಳೆದ ವೈದೇಹಿಗೆ ಆ ಬಂಗಲೆ ಆಸ್ತಿಯಾಗಿ ಬರುತ್ತದೆ. ಅಲ್ಲಿ ಭಾಗೀರಥಿ ಎಂಬ ಅಡುಗೆಯವಳು, ಕಂಬದ ಹಿಂದಿನಿಂದ ವೈದೇಹಿಯನ್ನು ನೋಡುತ್ತಾಳೆಯೇ ಹೊರತು ಮಾತಾಡುವುದಿಲ್ಲ. ಇನ್ನೂರು ಕಂತು ಮುಗಿದರೂ ಯಾರು ಯಾರಿಗೆ ಏನಾಗಬೇಕು ಎನ್ನುವುದು ಬಗೆಹರಿದಿರಲಿಲ್ಲ. ಶಮೀಮಾಳ ಫೋನಿನಲ್ಲಿ ಇದಕ್ಕೆಂದೇ ಒಂದು ಅಭಿಮಾನಿಗಳ ಗುಂಪು ಇತ್ತು. ಡಾಕ್ಟರು ವೈದೇಹಿಯ ಅವಳಿ ಅಣ್ಣ ಎಂದು ಒಬ್ಬರು, ತೋಟದ ಮಾಲಿಯೇ ಸತ್ತುಹೋದ ಯಜಮಾನ ಎಂದು ಇನ್ನೊಬ್ಬರು, ಬಂಗಲೆಯ ಬೆಕ್ಕಿಗೂ ಯಾರದೋ ಜೊತೆ ಸಂಬಂಧವಿದೆ ಎಂದು ಮತ್ತೊಬ್ಬರು. ಶಮೀಮಾಳ ವಾದ ಮಾತ್ರ ಗಟ್ಟಿ. ವೈದೇಹಿಯೂ ಭಾಗೀರಥಿಯೂ ನೀರು ಕುಡಿದ ಮೇಲೆ ಲೋಟವನ್ನು ಬೋರಲು ಹಾಕಿ ಅದರ ತಳಕ್ಕೆ ಬೆರಳಿನಿಂದ ಒಂದು ಸಲ ತಟ್ಟುತ್ತಾರೆ. ಅದನ್ನು ಪತ್ತೆ ಮಾಡಿದವಳು ಇವಳೇ. "ಅವಳೇ ಹೆತ್ತ ತಾಯಿ ಅಕ್ಕ, ಬರೆದಿಟ್ಕೊಳ್ಳಿ. ಮುಖ ನಂಬ್ಬೇಡಿ, ಮುಖಾನ ಮೇಕಪ್ಪಿನವರು ಮಾಡ್ತಾರೆ. ಕೈ ನೋಡಿ. ರಕ್ತ ಇರೋದು ಕೈಯಲ್ಲಿ."

ರಕ್ತ ಇರೋದು ಕೈಯಲ್ಲಿ. ಈ ಮಾತು ನನ್ನ ತಲೆಯೊಳಗೆ ಹೋಗಿ ಕೂತದ್ದೇ ಮುಂದಿನ ಎಲ್ಲ ಅನರ್ಥಕ್ಕೆ ಕಾರಣ.

ಇಲ್ಲಿ ಅತ್ತೆಯವರ ಬತ್ತಿಯ ಬಗ್ಗೆ ಹೇಳಬೇಕು. ಬತ್ತಿಯನ್ನು ನಮ್ಮ ತಾಯಿ ಆಚೆಗೆ ಹೊಸೆಯುತ್ತಿದ್ದರು, ಎಂದರೆ ಬೆರಳು ಎದೆಯಿಂದ ದೂರ ಹೋಗುವ ಹಾಗೆ. ನಾನು ಕಲಿತದ್ದೂ ಹಾಗೆಯೇ. ಅತ್ತೆ ಈಚೆಗೆ ಹೊಸೆಯುತ್ತಿದ್ದರು, ತಮ್ಮ ಕಡೆಗೆ. ಆಮೇಲೆ ಬುಡಕ್ಕೆ ಹೆಬ್ಬೆರಳಿನ ಉಗುರು ಒತ್ತುತ್ತಿದ್ದರು. ಅಲ್ಲಿ ಬಿದಿಗೆಯ ಚಂದ್ರನಂತೆ ಒಂದು ಸಣ್ಣ ಗೀರು ಮೂಡುತ್ತಿತ್ತು. ಹಾಗೆ ಹೊಸೆದ ಬತ್ತಿಯ ಜ್ವಾಲೆ ನೆಟ್ಟಗೆ ನಿಲ್ಲದೆ, ಹಚ್ಚಿದವರ ಕಡೆಗೆ ತುಸು ಬಾಗುತ್ತಿತ್ತು. ನಾನು ಮದುವೆಯಾಗಿ ಬಂದ ವಾರವೇ ನನ್ನ ಬತ್ತಿಯನ್ನು ಬೆಳಕಿಗೆ ಹಿಡಿದು ನೋಡಿ, "ನೋಡಮ್ಮ, ಆಚೆಗೆ ಹೊಸೆದ್ರೆ ಮನೆ ಬೆಳಕು ಆಚೆಗೆ ಹೋಗತ್ತೆ," ಎಂದರು. ನಾನು ಬದಲಾಯಿಸಲಿಲ್ಲ. ಅವರೂ ಬಿಡಲಿಲ್ಲ. ಇಪ್ಪತ್ನಾಲ್ಕು ವರ್ಷ ಅತ್ತೆ ಸೊಸೆ ಇಬ್ಬರೂ ಒಂದೇ ಚಾಪೆಯಲ್ಲಿ ಮಂಡಿಗೆ ಮಂಡಿ ತಾಗಿಸಿಕೊಂಡು ಕೂತು ಎದುರುಬದುರು ದಿಕ್ಕಿಗೆ ಬತ್ತಿ ಹೊಸೆದೆವು. ಅವರದು ಕೆಂಪು ಮುಚ್ಚಳದ ಡಬ್ಬಿ, ನನ್ನದು ನೀಲಿ. ಶುಕ್ರವಾರ ನನ್ನ ಡಬ್ಬಿಯನ್ನು ಅವರು ಮುಟ್ಟುತ್ತಿರಲಿಲ್ಲ. ಜಗಳವೆಂದು ಒಂದು ದಿನವೂ ದನಿ ಎತ್ತಲಿಲ್ಲ, ಆ ಮಟ್ಟಿಗೆ ದೇವರು ದೊಡ್ಡವನು. ನಾಲ್ಕು ವರ್ಷದ ಹಿಂದೆ ಅವರು ಹೋದರು. ಅವರ ಡಬ್ಬಿಯಲ್ಲಿದ್ದ ಬತ್ತಿಯನ್ನೆಲ್ಲ ವರ್ಷಾಂತಿಕದ ದಿನ ಹಚ್ಚಿ ಮುಗಿಸಿದೆ. ಕೊನೆಯದು ಆರಿದಾಗ, ಸುಳ್ಳೇಕೆ ಹೇಳಲಿ, ಇನ್ನು ಈ ಮನೆಯ ಜ್ವಾಲೆಗಳೆಲ್ಲ ನೆಟ್ಟಗೆ ಎಂದು ಮನಸ್ಸಿನ ಮೂಲೆಯಲ್ಲಿ ಒಂದು ಗೆಲುವು ಎದ್ದಿತ್ತು.

ಈಗ ಕೇಳಿ. ಲಕ್ಷಬತ್ತಿಯ ಕೆಲಸ ಶುರುವಾಗಿ ಎರಡನೆಯ ಶುಕ್ರವಾರ. ದಿನದ ರಾಶಿಯಿಂದ ಮೊದಲ ಐದನ್ನು ಮನೆದೇವರಿಗೆ ಎತ್ತಿಡುವುದು ನಮ್ಮ ಪದ್ಧತಿ. ಸಂಜೆ ಐದೂ ದೀಪ ಹಚ್ಚಿ ಕೈಮುಗಿದು ಕಣ್ಣು ಬಿಟ್ಟೆ. ನಾಲ್ಕು ನೆಟ್ಟಗೆ ಉರಿಯುತ್ತಿದ್ದವು. ಐದನೆಯದು ನನ್ನ ಕಡೆಗೆ ಬಾಗಿತ್ತು. ಕಿಟಕಿ ಮುಚ್ಚಿದೆ. ಬಾಗಿಯೇ ಇತ್ತು. ದೀಪದ ಕಂಬವನ್ನು ತಿರುಗಿಸಿ ಎಡಕ್ಕಿಟ್ಟೆ, ಬಲಕ್ಕಿಟ್ಟೆ. ನಾನು ಸರಿದ ಕಡೆಗೇ ಅದೂ ಸರಿದಂತೆ ಕಂಡಿತು. ಕಡ್ಡಿಯಿಂದ ಬತ್ತಿಯನ್ನು ಮೆಲ್ಲಗೆ ಈಚೆಗೆ ಎಳೆದು ನೋಡಿದರೆ, ಎಣ್ಣೆಯಲ್ಲಿ ನೆಂದ ಬುಡದ ಮೇಲೆ ಬಿದಿಗೆಯ ಚಂದ್ರ.

ಯಜಮಾನರಿಗೆ ಹೇಳಿದೆ. "ಹಳೇದು ಒಂದು ಉಳ್ಕೊಂಡಿರತ್ತೆ ಕಣೇ," ಎಂದು ಕಾಫಿ ಕೇಳಿದರು. ಹಳೆಯದಲ್ಲ, ಹೊಸ ಹತ್ತಿ, ಹಾಲಿನ ಹಾಗೆ ಬೆಳ್ಳಗಿದೆ ಎಂದು ನನಗೆ ಮಾತ್ರ ಗೊತ್ತು. ಸೋಮವಾರ ಲಕ್ಷಬತ್ತಿಯ ಡಬ್ಬವನ್ನೆಲ್ಲ ಪೇಪರಿನ ಮೇಲೆ ಸುರಿದು ಹುಡುಕಿದೆ. ಒಂದಲ್ಲ, ಎರಡಲ್ಲ. ನೂರಾರು. ಅಂದೇ ಮಧ್ಯಾಹ್ನ ನಾವು ಮೂವರೂ ಕೂತು ನೋಡುತ್ತಿದ್ದಾಗ, ಭಾಗೀರಥಿ ಬೀಗಕ್ಕೆ ಕೈ ಹಾಕುವ ಸಮಯಕ್ಕೆ ಸರಿಯಾಗಿ ಕರೆಂಟ್ ಹೋಯಿತು. ಟಿ.ವಿ. ಕಪ್ಪಾಯಿತು. ಆ ಕಪ್ಪಿನಲ್ಲಿ ಚಾಪೆಯ ಮೇಲೆ ಕೂತ ನಾವು ಮೂವರು ಕಂಡೆವು. ನಮ್ಮ ಹಿಂದೆ, ನನ್ನ ಹೆಗಲಿನ ಮೇಲಿಂದ ಬಗ್ಗಿ ನೋಡುವ ಹಾಗೆ, ನಾಲ್ಕನೆಯ ಮುಖ. ನೀಲಮ್ಮ ಕಿರುಚಿದರು. ಶಮೀಮಾ ಹತ್ತಿಯ ರಾಶಿಯನ್ನೇ ಮುಖಕ್ಕೆ ಒತ್ತಿಕೊಂಡಳು. ಹಿಂದಿನ ಗೋಡೆಯ ಅತ್ತೆಯವರ ಫೋಟೋ ಗಾಜಿನಲ್ಲಿ ಬಿಂಬಿಸಿತ್ತು, ಅಷ್ಟೇ. ಅಷ್ಟೇ ಎಂದು ಇಬ್ಬರಿಗೂ ನಾನೇ ಸಮಾಧಾನ ಹೇಳಿದೆ. ನನ್ನ ಸಮಾಧಾನಕ್ಕೆ ಯಾರಿದ್ದರು?

ಹೆದರಿಕೆಗೆ ಮದ್ದು ಎಂದರೆ ಕಾರಣ ಹುಡುಕುವುದು. ಸತ್ತವರು ಬಂದು ಬತ್ತಿ ಹೊಸೆಯುವುದಿಲ್ಲ, ಹಾಗಾದರೆ ಇದು ಯಾರ ಕೈ? ಮರುದಿನ ಶಮೀಮಾಳ ಸೂತ್ರ ಹಿಡಿದು ಕೈ ನೋಡಿದೆ. ನೀಲಮ್ಮ ಬತ್ತಿಯನ್ನು ತಮ್ಮ ಕಡೆಗೆ ಹೊಸೆದರು. ಬುಡಕ್ಕೆ ಹೆಬ್ಬೆರಳಿನ ಉಗುರು ಒತ್ತಿದರು. ತಟ್ಟೆಗೆ ಹಾಕಿದರು. ಗುಳೇದಗುಡ್ಡದ ನೀಲಮ್ಮನಿಗೆ ನಮ್ಮ ಅತ್ತೆಯ ಕೈ ಹೇಗೆ ಬಂತು? ಆಮೇಲೆ ಶುರುವಾಯಿತು ನೋಡಿ ನನ್ನ ಸ್ವಂತ ಧಾರಾವಾಹಿ. ನಮ್ಮ ಮಾವನವರು ಸರ್ಕಾರಿ ಸರ್ವೆ ಕೆಲಸದಲ್ಲಿದ್ದವರು. ಯಜಮಾನರು ಮೂರನೇ ಕ್ಲಾಸಿನಲ್ಲಿದ್ದಾಗ, ಎಂದರೆ ನಲವತ್ತೊಂಬತ್ತು ವರ್ಷದ ಹಿಂದೆ, ಮಾವನವರಿಗೆ ಬಾಗಲಕೋಟೆಗೆ ವರ್ಗವಾಗಿ, ಎರಡು ವರ್ಷ ಒಬ್ಬರೇ ಹೋಗಿ ಇದ್ದರು. ನೀಲಮ್ಮನಿಗೆ ನಲವತ್ತೆಂಟು. ಬಾಗಲಕೋಟೆಗೂ ಗುಳೇದಗುಡ್ಡಕ್ಕೂ ಏನು ದೂರ? ಅತ್ತೆ ಆ ಎರಡು ವರ್ಷದಲ್ಲಿ ಒಂದೆರಡು ಸಲ ಅಲ್ಲಿಗೆ ಹೋಗಿ ಇದ್ದದ್ದೂ ಉಂಟು. ಆಗ ಆ ಮನೆಯ ಕೆಲಸದ ಹೆಂಗಸು ಯಾರೋ ಇವರ ಕೈ ನೋಡಿ ಕಲಿತು, ತನ್ನ ಮಗಳಿಗೆ ಕಲಿಸಿ... ಆ ಮಗಳು ಯಾರ ಮಗಳು? ಈ ಪ್ರಶ್ನೆ ಬಂದದ್ದೇ ತಡ, ನೀಲಮ್ಮನ ಕಿವಿಯ ಹಾಲೆ ನಮ್ಮ ಯಜಮಾನರ ಕಿವಿಯ ಹಾಲೆಯಂತೆಯೇ ಕಾಣತೊಡಗಿತು. 'ಕೆಂಪು ಬೀಗ' ಬರೆಯುವವರು ಇನ್ನೂರು ಕಂತಿನಲ್ಲಿ ಮಾಡಿದ್ದನ್ನು ನಾನು ಒಂದು ಮಧ್ಯಾಹ್ನದಲ್ಲಿ ಮುಗಿಸಿದ್ದೆ.

"ನಿಮ್ಮ ತಂದೆಯವರು ಏನ್ಮಾಡ್ತಿದ್ರು ನೀಲಮ್ಮ?" ಎಂದು ಏನೂ ಅರಿಯದವಳ ಹಾಗೆ ಕೇಳಿದೆ. ಅವರ ಕೈ ನಿಂತಿತು. "ನಾ ಅಪ್ಪನ ಮಾರಿನ ನೋಡಿಲ್ರಿ ಅಕ್ಕಾರ. ನಾ ಹುಟ್ಟೂ ಮೊದಲ ಹೋದ್ನಂತ. ಒಂದ ಫೋಟೋನೂ ಇಲ್ಲ." ಶಮೀಮಾ, "ಪಾಪ," ಎಂದಳು. ನಾನು ನೀಲಮ್ಮನ ಕಿವಿಯನ್ನು ಇನ್ನೊಮ್ಮೆ ನೋಡಿದೆ.

ಊಟಕ್ಕೆ ಬಡಿಸುವಾಗ ಯಜಮಾನರನ್ನು ವಿಚಾರಿಸಿದೆ. "ಮಾವನವರು ಬಾಗಲಕೋಟೇಲಿ ಒಬ್ರೇ ಇದ್ರಾ?"

"ಇಲ್ಲ, ಜೊತೇಲಿ ಒಂದು ಸೀಮೆಣ್ಣೆ ಸ್ಟೌ ಇತ್ತು."

"ತಮಾಷೆ ಬೇಡ ಕಣ್ರೀ. ಅಲ್ಲಿಂದ ಏನಾದ್ರೂ ತಂದ್ರಾ?"

ಅವರು ತುತ್ತು ಎತ್ತಿದ ಕೈಯನ್ನು ಹಾಗೇ ಹಿಡಿದು ಯೋಚಿಸಿದರು. "ಅಮ್ಮಂಗೆ ಒಂದು ಇಳಕಲ್ ಸೀರೆ ತಂದಿದ್ರು. ಅಮ್ಮ ಅದನ್ನ ಒಂದು ದಿನಾನೂ ಉಡ್ಲಿಲ್ಲ. ಅಟ್ಟದ ಟ್ರಂಕಲ್ಲಿ ಇರಬೇಕು."

ಒಂದು ದಿನವೂ ಉಡಲಿಲ್ಲ! ಇನ್ನೇನು ಸಾಕ್ಷಿ ಬೇಕು? ಅಪ್ಪನೆಂದರೆ ಇವರಿಗೆ ಪ್ರಾಣ. ಇವತ್ತಿಗೂ ಅವರ ಕೈಗಡಿಯಾರಕ್ಕೆ ಕೀ ಕೊಟ್ಟೇ ಆಫೀಸಿಗೆ ಹೋಗುವ ಮನುಷ್ಯನಿಗೆ, ನಿಮಗೊಬ್ಬಳು ತಂಗಿ ಇದ್ದಾಳೆ, ದಿನಾ ಎರಡು ಗಂಟೆಗೆ ನಮ್ಮ ಚಾಪೆಯ ಮೇಲೆ ಬಂದು ಕೂರುತ್ತಾಳೆ ಎಂದು ಯಾವ ಬಾಯಲ್ಲಿ ಹೇಳಲಿ? ಹೇಳದೆ ದಿನವೂ ಅವಳಿಗೆ ಕಾಫಿ ಹೇಗೆ ಕೊಡಲಿ? ನಾನು ಹೇಡಿ. ಸುಲಭದ ದಾರಿ ಹಿಡಿದೆ. ಮರುದಿನ ನೀಲಮ್ಮ ಬಂದಾಗ ಗೇಟಿನಲ್ಲೇ ನಿಲ್ಲಿಸಿ, ಒಂದು ಕವರಿನಲ್ಲಿ ಹತ್ತಿ ಕೊಟ್ಟು, "ಇನ್ಮೇಲೆ ನೀವು ಮನೇಲೇ ಮಾಡಿ ಕಳ್ಸಿಬಿಡಿ, ಇಲ್ಲಿ ಜಾಗ ಸಾಲಲ್ಲ," ಎಂದೆ. ಅವರು ನನ್ನ ಬೆನ್ನ ಹಿಂದಿನ ಖಾಲಿ ಹಾಲನ್ನೊಮ್ಮೆ ನೋಡಿದರು. "ನಂದೇನರ ತಪ್ಪಾತೇನ್ರಿ ಅಕ್ಕಾರ?" ಎಂದರು. "ಅಯ್ಯೋ, ಹಾಗೇನಿಲ್ಲ," ಎಂದೆ. ಕವರು ಎದೆಗೆ ಒತ್ತಿಕೊಂಡು ಹೋದರು. ಎರಡು ದಿನ ಬಿಟ್ಟು ಆ ಕವರು ನಮ್ಮ ಗೇಟಿಗೆ ನೇತು ಬಿದ್ದಿತ್ತು, ಹತ್ತಿಯೆಲ್ಲ ಬತ್ತಿಯಾಗಿ, ಮೇಲೊಂದು ತುಂಡು ಬಾಳೆಲೆ ಮುಚ್ಚಿ. ನಾನು ಬಿಚ್ಚದೆ ಮೂಲೆಗಿಟ್ಟೆ. ದೇವಸ್ಥಾನದಲ್ಲಿ ಕಂಡರೆ ಅವರೇ ಕಂಬದ ಹಿಂದೆ ಸರಿದರು. ಆ ಕಂಬ ನನಗೆ ಭಾಗೀರಥಿಯನ್ನು ನೆನಪಿಗೆ ತಂದಿತು, ಅವರ ಅವಮಾನವನ್ನಲ್ಲ. ಅಷ್ಟು ಕೆಟ್ಟುಹೋಗಿತ್ತು ನನ್ನ ಬುದ್ಧಿ.

ಆ ವಾರ ಒಂದು ದಿನ ಶಮೀಮಾಳ ಮನೆಗೆ ನೆಂಟರು ಬಂದಿದ್ದರು. ನಾನೊಬ್ಬಳೇ ಚಾಪೆ ಹಾಸಿ ಕೂತೆ. ಕೆಂಪು ಬೀಗ ತೆರೆಯುವ ಕಂತು. ವೈದೇಹಿ ಕತ್ತಲಿನ ಕೋಣೆಗೆ ಕಾಲಿಡುತ್ತಾಳೆ, ತೊಟ್ಟಿಲು ತಾನಾಗಿ ತೂಗುತ್ತಿದೆ. ಅರ್ಧ ಗಂಟೆ ನಾನು ಉಸಿರು ಬಿಟ್ಟೆನೋ ಇಲ್ಲವೋ. ಮುಗಿದ ಮೇಲೆ ಟಿ.ವಿ. ಆರಿಸಿ, ಮೊದಲ ಐದನ್ನು ಎತ್ತಿಡೋಣವೆಂದು ತಟ್ಟೆಗೆ ಕೈ ಹಾಕಿದೆ. ಬಿದಿಗೆಯ ಚಂದ್ರ. ಇನ್ನೊಂದು ತೆಗೆದೆ. ಬಿದಿಗೆಯ ಚಂದ್ರ. ಅಡಿಯಲ್ಲಿದ್ದ ಹತ್ತಿಪ್ಪತ್ತು ನನ್ನವು, ಮೇಲಿನ ಮೂವತ್ತು ನಲವತ್ತು ಅತ್ತೆಯವರವು. ನೀಲಮ್ಮ ಬಂದಿರಲಿಲ್ಲ. ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಮಟಮಟ ಮಧ್ಯಾಹ್ನ, ಹೊರಗೆ ತರಕಾರಿಯವನು ಕೂಗುತ್ತಿದ್ದಾನೆ, ನನ್ನ ಪಕ್ಕದಲ್ಲಿ ಚಾಪೆ ಒಬ್ಬರು ಕೂರುವಷ್ಟು ಖಾಲಿ ಇದೆ. ಅತ್ತೆ ಯಾವಾಗಲೂ ಕೂರುತ್ತಿದ್ದ ಕಡೆ. ನನ್ನ ಎಡ ಮಂಡಿಗೆ ಏನೋ ತಾಗಿದಂತಾಯಿತು. ಆಮೇಲೆ ನಾನು ಚಿಲಕ ತೆಗೆದದ್ದು, ಬೀದಿ ದಾಟಿದ್ದು ಯಾವುದೂ ನೆನಪಿಲ್ಲ. ಶಮೀಮಾಳ ಬಾಗಿಲಲ್ಲಿ ನಿಂತಾಗ ಕಾಲಲ್ಲಿ ಚಪ್ಪಲಿ ಇರಲಿಲ್ಲ.

ನಾನು ಹೇಳಿದ್ದನ್ನೆಲ್ಲ ಅವಳು ಕೇಳಿದಳು, ಬಾಗಲಕೋಟೆ, ಕಿವಿಯ ಹಾಲೆ, ಸೀರೆ ಎಲ್ಲವನ್ನೂ. ಇಷ್ಟು ಒಳ್ಳೆ ಕಥೆಯನ್ನು ತನಗೆ ಹೇಳದೆ ಇಟ್ಟುಕೊಂಡೆನಲ್ಲ ಎಂದು ಮೊದಲು ಬೈದಳು. ಆಮೇಲೆ ನೆಂಟರಿಗೆ ಚಹ ಕೊಟ್ಟು ನನ್ನ ಜೊತೆ ಬಂದಳು. ಚಾಪೆಯ ಮೇಲೆ ಕೂರಿಸಿ, ಫೋನಿನಲ್ಲಿ ಅದೇ ಕಂತನ್ನು ಹಾಕಿ ಬತ್ತಿಯ ಡಬ್ಬಕ್ಕೆ ಒರಗಿಸಿಟ್ಟು, "ಹೊಸೀರಿ," ಎಂದಳು. ನಾನು ಹೊಸೆದೆ. ಅವಳು ಕಂತು ನೋಡಲಿಲ್ಲ, ನನ್ನನ್ನೇ ನೋಡುತ್ತ ಕೂತಳು. ವೈದೇಹಿ ಕೋಣೆಗೆ ಕಾಲಿಟ್ಟಳು. ತೊಟ್ಟಿಲು ತೂಗಿತು.

"ಅಕ್ಕ," ಎಂದಳು ಮೆಲ್ಲಗೆ, "ಕೈ ನೋಡ್ಕೊಳ್ಳಿ."

ತಲೆ ಬಗ್ಗಿಸಿದೆ. ನನ್ನ ಬೆರಳು ಈಚೆಗೆ ಬರುತ್ತಿತ್ತು, ನನ್ನ ಎದೆಯ ಕಡೆಗೆ. ಹೆಬ್ಬೆರಳು ತಾನಾಗಿ ಬುಡಕ್ಕೆ ಇಳಿದು ಉಗುರು ಒತ್ತಿತು. ಯಾರದೋ ಕೈಯನ್ನು ನೋಡುವ ಹಾಗೆ ನಾನದನ್ನು ನೋಡಿದೆ. ನೀಲಮ್ಮನ ತಟ್ಟೆ ನೋಡಿದ್ದೆ, ಡಬ್ಬ ಸುರಿದು ನೋಡಿದ್ದೆ, ಸತ್ತ ಮಾವನವರ ಎರಡು ವರ್ಷವನ್ನು ಜಾಲಾಡಿದ್ದೆ. ಎಲ್ಲರನ್ನೂ ಬಿಟ್ಟೂಬಿಡದೆ ಅನುಮಾನಿಸಿದವಳು ನನ್ನ ತೊಡೆಯ ಮೇಲಿದ್ದ ನನ್ನದೇ ಕೈಯನ್ನು ಮಾತ್ರ ನೋಡಿರಲಿಲ್ಲ. ನಾಲ್ಕು ವರ್ಷ ದೇವರಮನೆಯಲ್ಲಿ ಸ್ತೋತ್ರ ಹೇಳುತ್ತ ಗಮನವಿಟ್ಟು ಹೊಸೆದಾಗ ಕೈ ನಮ್ಮ ತಾಯಿಯದಾಗಿತ್ತು. ಟಿ.ವಿ. ಮುಂದೆ ಗಮನ ತಪ್ಪಿದೊಡನೆ ಅತ್ತೆಯದಾಗುತ್ತಿತ್ತು. ಹೆದರಿಕೆ ಹೆಚ್ಚಾದಷ್ಟೂ ಅವರು ಹತ್ತಿರ ಬರುತ್ತಿದ್ದರು. ನಾನು ನಕ್ಕೆ. ಶಮೀಮಾ ನಗಲಿಲ್ಲ. "ನಂಗೇನೋ ಇದು ದೆವ್ವಕ್ಕಿಂತ ಜಾಸ್ತಿ ಭಯ ಆಯ್ತು ಅಕ್ಕ," ಎಂದಳು.

ಅವತ್ತೇ ನೀಲಮ್ಮನ ಮನೆಗೆ ಹೋದೆ. ಬಾಗಿಲು ತೆಗೆದು, ಒಳಗೆ ಬನ್ನಿ ಎನ್ನಲೂ ಹೆದರುತ್ತ ನಿಂತರು. ನಾನೇ ನುಗ್ಗಿ, ನೆಲದ ಮೇಲೆ ಕೂತುಬಿಟ್ಟೆ. "ಹೂಬತ್ತಿ ನಿಮಗೆ ಕಲ್ಸಿದ್ದು ಯಾರು?" ಎಂದು ಕೇಳಿದೆ.

"ನೀವ ಅಲ್ರೀ ಮತ್ತ! ನಿಮ್ಮ ಕೈ ನೋಡ್ಕೋತ ಕಲ್ತೇನಿ. ಆದ್ರ ನೀವು ಎರಡ ನಮೂನಿ ಮಾಡ್ತಿದ್ರಿ. ಟೀವ್ಯಾಗ ಅಂಜಿಕಿ ಬಂದಾಗ ನಿಮ್ಮ ಕೈ ಬ್ಯಾರೇನ ಆಕ್ಕಿದ್ವು, ಯಾರೋ ಹಿರ್ಯಾಕಿ ಕುಂತಂಗ. ಅದ ಚೊಲೊ ಅನಿಸ್ತು, ಅದನ್ನ ಹಿಡಿದೆ. ಉಗುರು ಒತ್ತೂದನ್ನೂ ಬಿಡ್ಲಿಲ್ಲ." ದನಿ ಸಣ್ಣಗಾಯಿತು. "ಅದು ತಪ್ಪಾತೇನ್ರಿ? ಅದಕ್ಕ ಬ್ಯಾಡಂದ್ರಿ?"

ಅವರ ಕೈ ಹಿಡಿದುಕೊಂಡೆ. ಪೂರ್ತಿ ನಿಜ ಹೇಳಲು ಧೈರ್ಯ ಸಾಲಲಿಲ್ಲ. ಸತ್ತುಹೋದ ನಮ್ಮ ಮಾವನವರು, ನೀಲಮ್ಮನ ತಾಯಿ, ಇಬ್ಬರ ಮರ್ಯಾದೆ ಅದರಲ್ಲಿತ್ತು. "ಧಾರಾವಾಹಿ ನೋಡಿ ನೋಡಿ ನನ್ನ ತಲೆ ಕೆಟ್ಟಿತ್ತು ನೀಲಮ್ಮ. ತಪ್ಪು ನಂದು. ನಾಳೆ ಎರಡು ಗಂಟೆಗೆ ಬನ್ನಿ," ಎಂದೆ. ಅವರು ಎದ್ದು ಒಳಗೆ ಹೋಗಿ, ಬಹಳ ಹೊತ್ತು ಮುಖ ತೊಳೆದುಕೊಂಡು, ಚುರುಮುರಿ ಮಾಡಿಕೊಂಡು ಬಂದರು.

ಸೀರೆಯ ವಿಷಯ ಉಳಿದಿತ್ತು. ಯಜಮಾನರ ಕೈಲಿ ಅಟ್ಟದ ಟ್ರಂಕು ಇಳಿಸಿದೆ. ಬಿಚ್ಚಿ ನೋಡಿದರೆ ಅಪ್ಪಟ ಕಪ್ಪು ಸೀರೆ, ಕೆಂಪು ಸೆರಗು. "ಹೂಂ ಮತ್ತೆ," ಎಂದರು ಅವರು, "ವಾರಕ್ಕೆ ನಾಲ್ಕು ದಿನ ಪೂಜೆ ಮಾಡೋ ಅಮ್ಮಂಗೆ ಅಪ್ಪ ಕಪ್ಪು ಸೀರೆ ತಂದ್ರು. ಅಮ್ಮ ಆರು ತಿಂಗಳು ಮಾತು ಬಿಟ್ಟಿದ್ರು." ಅದನ್ನು ನೀಲಮ್ಮನಿಗೆ ಅರಿಶಿನ ಕುಂಕುಮದ ಜೊತೆ ಕೊಟ್ಟೆ. ಅವರ ಕಡೆ ಕಪ್ಪು ಇಳಕಲ್ ಎಂದರೆ ಶುಭವಂತೆ. ಕೊನೆಯ ಸೋಮವಾರ ಅದನ್ನೇ ಉಟ್ಟು ಬಂದರು. ಬತ್ತಿಯ ಡಬ್ಬ ಹಿಡಿದು ದೇವಸ್ಥಾನದ ಗೇಟಿನ ತನಕ ಬಂದ ಶಮೀಮಾ ಅವರನ್ನೂ ನನ್ನನ್ನೂ ನೋಡಿ, "ಅಕ್ಕ, ಒಂದು ಮಾತು, ಆ ಕಿವಿ ಹಾಲೆ..." ಎಂದಳು. "ಸುಮ್ನಿರೇ!" ಎಂದೆ.

ದೇವಸ್ಥಾನದಲ್ಲಿ ಡಬ್ಬ ತೆಗೆದುಕೊಳ್ಳುತ್ತ ಅರ್ಚಕರು, "ಎಷ್ಟು ಜನ ಸೇರಿ ಮಾಡಿದ್ರಮ್ಮ?" ಎಂದರು. ನೀಲಮ್ಮ, "ಮೂವರ್ರಿ," ಎಂದರು. ನನ್ನ ಬಾಯಿಂದ, "ನಾಲ್ಕು," ಎಂದು ಬಂತು. ಗೇಟಿನಾಚೆ ನಿಂತಿದ್ದ ಶಮೀಮಾ ನನ್ನ ಕೈಯನ್ನೊಮ್ಮೆ ನೋಡಿ ಬೇರೆ ಕಡೆ ತಿರುಗಿದಳು. ತುಪ್ಪದಲ್ಲಿ ನೆನೆಸಿ ತಟ್ಟೆ ತಟ್ಟೆ ಹಚ್ಚಿದಾಗ ಎಲ್ಲ ಮನೆಯ ಜ್ವಾಲೆಗಳೂ ನೆಟ್ಟಗೆ ನಿಂತವು. ನಮ್ಮ ಮನೆಯ ತಟ್ಟೆಯಲ್ಲಿ ಮಾತ್ರ ಅರ್ಧಕ್ಕರ್ಧ ನಾನು ನಿಂತ ಕಡೆಗೆ ತಲೆಬಾಗಿಸಿ, ಏನೋ ಹೇಳುವುದಿದೆ ಎಂಬಂತೆ ಉರಿದವು.

ಧಾರಾವಾಹಿ ಮುಗಿಯಿತು. ಭಾಗೀರಥಿ ತಾಯಿಯೂ ಅಲ್ಲ, ಏನೂ ಅಲ್ಲ. ಆ ಮನೆಯಲ್ಲಿ ಮೂವತ್ತು ವರ್ಷ ಇದ್ದವಳು ಅಷ್ಟೇ ಎಂದು ಹೇಳಿಬಿಟ್ಟರು. "ಹಾಗಾದ್ರೆ ಲೋಟ?" ಎಂದು ಶಮೀಮಾ ಇನ್ನೂ ಹಾರಾಡುತ್ತಿದ್ದಾಳೆ. ನನಗೇನೂ ಅನುಮಾನ ಉಳಿದಿಲ್ಲ. ಈಚೆಗೆ ನಾನು ನನ್ನನ್ನೇ ಗಮನಿಸುತ್ತಿದ್ದೇನೆ. ಬೀಗ ಹಾಕಿ ಮೂರು ಸಲ ಜಗ್ಗುವುದು ಅತ್ತೆಯವರದು. ಉಪ್ಪು ಹಾಕುವ ಮುಂಚೆ ಡಬ್ಬಿಯನ್ನು ಕಣ್ಣಿಗೆ ಒತ್ತಿಕೊಳ್ಳುವುದು ಅವರದು. ಮೊನ್ನೆ ಶುಕ್ರವಾರ ದೀಪ ಹಚ್ಚುತ್ತಿದ್ದಾಗ ಹಿಂದಿನಿಂದ ಬಂದ ಯಜಮಾನರು "ಅಮ್ಮಾ," ಎಂದು ಕರೆದು, ಬಾಗಿಲಲ್ಲೇ ನಿಂತುಬಿಟ್ಟರು. ನಾನು ತಿರುಗದೆ, ಬಾಗಿದ ಜ್ವಾಲೆಯನ್ನು ನೋಡುತ್ತ, "ಕಾಲು ತೊಳ್ಕೊಂಡು ಒಳಗೆ ಬಾರೋ," ಎಂದೆ. ಮದುವೆಯಾದಾಗಿನಿಂದ ಅವರನ್ನು ನಾನು ಹಾಗೆ ಕರೆದದ್ದಿಲ್ಲ. ಅವರು ಹೋಗಿ ಕಾಲು ತೊಳೆದುಕೊಂಡು ಬಂದರು. ಆಮೇಲೆ ಹೋಗಿ ಕನ್ನಡಿ ನೋಡಿಕೊಂಡೆ. ಮುಖ ಇನ್ನೂ ನನ್ನದೇ ಇದೆ. ಆ ಮಟ್ಟಿಗೆ ದೇವರು ದೊಡ್ಡವನು.